ಅಂಕದ ಸಂಸ್ಕೃತ

ನಮ್ಮ ಹಾಸನ ಜಿಲ್ಲೆಯ ಯಾವುದಾದರೂ ಪಿಯು ಕಾಲೇಜಿನ ದಾಖಲಾತಿ ಕೌಂಟರಿನ ಮುಂದೆ ಹತ್ತು ನಿಮಿಷ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಸೈನ್ಸ್ ತಗೊಂಡಿದೀಯ, ಭಾಷೆಗೆ ಸಂಸ್ಕೃತ ಹಾಕ್ಕೋ, ಸ್ಕೋರಿಂಗು.’ ಹೇಳುವವರು ಅಪ್ಪನೋ ಸೋದರಮಾವನೋ ಮೊದಲೇ ಸೇರಿದ ಪಕ್ಕದ ಮನೆಯ ಹುಡುಗನೋ ಆಗಿರುತ್ತಾರೆ. ಸಂಸ್ಕೃತ ಎಂಬ ಹೆಸರಿನ ಜೊತೆ ಕಾಳಿದಾಸನಾಗಲಿ ಭಾಸನಾಗಲಿ ಬರುವುದಿಲ್ಲ, ಅಂಕ ಬರುತ್ತದೆ.

ಶಾಸನಗಳ ಮೇಲೆ ಸಂಶೋಧನೆ ಮಾಡುತ್ತಿರುವ ನಾನು ಶನಿವಾರ, ಭಾನುವಾರ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಡುವೆ ಬಸ್ಸಿನಲ್ಲಿ ಓಡಾಡಿಕೊಂಡು ಸಂಸ್ಕೃತವನ್ನೂ ಹಳಗನ್ನಡವನ್ನೂ ಪಾಠ ಹೇಳುತ್ತೇನೆ. ಊಟದ ಖರ್ಚು ಅದರಿಂದಲೇ ಹುಟ್ಟುತ್ತದೆ. ಹಾಗಾಗಿ ಅಂಕದ ಆಸೆಯ ಬಗ್ಗೆ ಮೂಗು ಮುರಿಯುವ ಅನುಕೂಲ ನನಗಿಲ್ಲ. ಆದರೂ ಬಸ್ಸಿನಲ್ಲಿ ಕೂತಾಗ ಒಂದು ಪ್ರಶ್ನೆ ಕಾಡುತ್ತದೆ. ಓದಲು ಬಾರದ ಭಾಷೆಯಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದುಕೊಳ್ಳುವುದು ತಪ್ಪೇ? ತಪ್ಪಾದರೆ, ಯಾರಿಗೆ ಮಾಡಿದ ತಪ್ಪು?

ಪ್ರಶ್ನೆ ಹಳೆಯದು. ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆಯಾಗಿ ಸಂಸ್ಕೃತ ಇರಬೇಕೇ ಎಂಬ ಜಗಳದಿಂದಲೇ ವಿ. ಕೃ. ಗೋಕಾಕರ ಸಮಿತಿ ಹುಟ್ಟಿತು. 1981ರಲ್ಲಿ ವರದಿ ಬಂತು. 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದ ಮೇಲೆ ಅದು ನಾಡಿನ ಚಳವಳಿಯಾಯಿತು. ಆಗ ಪದೇ ಪದೇ ಕೇಳಿಬಂದ ಒಂದು ಆಕ್ಷೇಪ, ಸಂಸ್ಕೃತದ ಪರೀಕ್ಷೆಯಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಬರೆಯಬಹುದಲ್ಲ, ಇದೆಂಥ ಭಾಷಾ ಪರೀಕ್ಷೆ ಎಂಬುದು. ಪಿಯುಸಿಯ ಪ್ರಶ್ನೆಪತ್ರಿಕೆಯಲ್ಲಿ ಆ ಸವಲತ್ತು ಇವತ್ತಿಗೂ ಇದೆ. ಕೆಲವು ಪ್ರಶ್ನೆಗಳಿಗೆ ಸಂಸ್ಕೃತ, ಕನ್ನಡ, ಇಂಗ್ಲಿಷ್ ಯಾವುದರಲ್ಲಾದರೂ ಉತ್ತರಿಸಬಹುದು.

ಈ ಆಕ್ಷೇಪ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಹೊಳೆನರಸೀಪುರದಲ್ಲಿ ಪಾಠ ಮುಗಿಸಿ ಬರುವಾಗಲೆಲ್ಲ ಅಲ್ಲಿನ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ನೆನಪಾಗುತ್ತದೆ. ಅದನ್ನು ಕಟ್ಟಿದ ಸಚ್ಚಿದಾನಂದೇಂದ್ರ ಸರಸ್ವತಿಗಳು ಸಂನ್ಯಾಸಕ್ಕೆ ಮೊದಲು ಶಾಲಾ ಮೇಷ್ಟರಾಗಿದ್ದವರು. ‘ಮೂಲಾವಿದ್ಯಾನಿರಾಸ’ದಂಥ ವಾದಗ್ರಂಥವನ್ನು ಸಂಸ್ಕೃತದಲ್ಲೇ ಬರೆದ ಅವರು ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದರು. ಭಾಷ್ಯದ ಒಂದು ವಾಕ್ಯ ಕನ್ನಡವಾಗಬೇಕಾದರೆ ಯಾವ ವಿಭಕ್ತಿ ಯಾವುದಕ್ಕೆ ಅಂಟಿದೆ, ‘ಚ’ ಎಂಬ ಒಂಟಕ್ಷರ ಯಾಕಿದೆ, ಎಲ್ಲ ತಿಳಿದಿರಬೇಕು. ಗೊತ್ತಿಲ್ಲದ್ದನ್ನು ಸಂಸ್ಕೃತದಲ್ಲಿ ಮುಚ್ಚಿಡಬಹುದು, ಮೂಲದ ಪದವನ್ನೇ ತಿರುಗಿಸಿ ಬರೆದರೆ ಆಯಿತು. ಕನ್ನಡದಲ್ಲಿ ಹಾಗೆ ಮುಚ್ಚಿಡುವುದು ಕಷ್ಟ. ನಮ್ಮ ಟೀಕುಗಳ ಪರಂಪರೆ ನಡೆದದ್ದೇ ಹೀಗೆ. ಹಾಗೆ ನೋಡಿದರೆ ಕನ್ನಡದಲ್ಲಿ ಬರೆದ ಉತ್ತರವೇ ಸಂಸ್ಕೃತ ಬರುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿ. ಆದರೆ ಆ ಕನ್ನಡ ಬರೆಯುವವರದೇ ಆಗಿರಬೇಕಲ್ಲ! ತರಗತಿಯಲ್ಲಿ ನಾನು ತಿದ್ದುವ ಹಾಳೆಗಳಲ್ಲಿ ಅದು ಗೈಡಿನ ಕನ್ನಡ. ಹಾಸನದಲ್ಲೂ ಚನ್ನರಾಯಪಟ್ಟಣದಲ್ಲೂ ಒಂದೇ ಅಲ್ಪವಿರಾಮ ಒಂದೇ ಜಾಗದಲ್ಲಿ.

ಇದು ನಮ್ಮದೊಂದೇ ರೋಗವಲ್ಲ. ಇಂಗ್ಲೆಂಡಿನ ಎ-ಲೆವೆಲ್ ಲ್ಯಾಟಿನ್ ಪರೀಕ್ಷೆಗೆ ಕೂರುವ ಮಕ್ಕಳೂ ನಿಗದಿತ ಪಠ್ಯದ ಇಂಗ್ಲಿಷ್ ಅನುವಾದವನ್ನು ಉರು ಹೊಡೆಯುತ್ತಾರೆ ಎಂಬ ದೂರು ಅಲ್ಲಿನ ಮೇಷ್ಟರುಗಳದ್ದು. ಆದರೆ ಅಲ್ಲಿ ಒಂದು ಕಟ್ಟುಪಾಡಿದೆ. ಓಸಿಆರ್ ಮಂಡಳಿಯ ಪರೀಕ್ಷೆಯಲ್ಲಿ ಸುಮಾರು ಮೂರನೇ ಒಂದು ಭಾಗದ ಅಂಕ, ಹಿಂದೆ ಪಾಠವಾಗಿ ಓದಿರದ ಭಾಗವನ್ನು ಕೂತಲ್ಲೇ ಅನುವಾದಿಸುವುದಕ್ಕೆ. ನಮ್ಮಲ್ಲಿ ಒತ್ತು ಬಹುಪಾಲು ಓದಿದ ಪಾಠದ ಮೇಲೆ, ಶಬ್ದರೂಪ, ಧಾತುರೂಪಗಳ ಮೇಲೆ. ಯಾವ ಪ್ರಶ್ನೆ ಬರುತ್ತದೆಂದು ಡಿಸೆಂಬರಿನಲ್ಲೇ ಹೇಳಬಹುದು. ಹೇಳುತ್ತೇನೆ ಕೂಡ, ಅದಕ್ಕೇ ಫೀಸು ಕೊಡುತ್ತಾರೆ.

ಮಕ್ಕಳು ಇದರಿಂದ ಪಡೆಯುವುದೇನು ಎಂದು ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಎಂಜಿನಿಯರಿಂಗಿನ ಸಿಇಟಿ ರ‍್ಯಾಂಕಿಗೆ ಭಾಷೆಯ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳದ್ದಷ್ಟೇ ಲೆಕ್ಕ. 600ಕ್ಕೆ ಎಷ್ಟು ಎಂಬ ಮೊತ್ತ ಫ್ಲೆಕ್ಸ್‌ಗೂ ನೆಂಟರಿಗೂ ಬೇಕು, ನಿಜ. ಆದರೆ ಅವರು ಸಂಸ್ಕೃತದಿಂದ ಕೊಳ್ಳುವುದು ಮುಖ್ಯವಾಗಿ ಸಮಯವನ್ನು. ಭಾಷೆಗೆ ವಾರಕ್ಕೊಂದು ಗಂಟೆ ಕೊಟ್ಟು ಉಳಿದದ್ದನ್ನು ಗಣಿತಕ್ಕೆ ಹಾಕಬಹುದು. ಹದಿನೇಳರ ಹುಡುಗ ಇಷ್ಟು ಲೆಕ್ಕ ಹಾಕಿದರೆ ಅವನನ್ನು ದೂಷಿಸಲು ನನಗೆ ಮನಸ್ಸು ಬರುವುದಿಲ್ಲ. ಸಂಸ್ಕೃತಕ್ಕೂ ಇದರಿಂದ ಅವಮಾನವಾಗಿಲ್ಲ. ಭಾಷೆಗೆ ಅವಮಾನವಾಗುತ್ತದೆ ಎನ್ನುವವರು ಸಾಮಾನ್ಯವಾಗಿ ತಮ್ಮ ಅವಮಾನವನ್ನು ಅದರ ತಲೆಗೆ ಕಟ್ಟುತ್ತಿರುತ್ತಾರೆ.

ಅನ್ಯಾಯ ಆಗುತ್ತಿರುವುದು ಬೇರೆ ಮಕ್ಕಳಿಗೆ. ಅರಕಲಗೂಡಿನ ಸುತ್ತಲ ಹಳ್ಳಿಗಳಿಂದ ನನ್ನಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಓದಿದ ಪ್ರೌಢಶಾಲೆಗಳಲ್ಲಿ ಸಂಸ್ಕೃತದ ಮೇಷ್ಟರೇ ಇರಲಿಲ್ಲ. ಅವರಿಗೆ ಆ 100 ಅಂಕಕ್ಕೆ ಕನ್ನಡವೊಂದೇ ದಾರಿ. ಅಲ್ಲಿ ಹಳಗನ್ನಡ ಬಿಡಿಸಬೇಕು, ಪ್ರಬಂಧ ಬರೆಯಬೇಕು. ತಮ್ಮದೇ ಭಾಷೆಯಲ್ಲಿ ಅವರು ನಿಜವಾದ ಪರೀಕ್ಷೆ ಬರೆಯುತ್ತಾರೆ, ಪಕ್ಕದ ಊರಿನವರು ನೆನಪಿನ ಪರೀಕ್ಷೆ ಬರೆಯುತ್ತಾರೆ, ಎರಡೂ ಒಂದೇ ಮೊತ್ತಕ್ಕೆ ಕೂಡುತ್ತವೆ. ಅಂಕಪಟ್ಟಿ ಎನ್ನುವುದು ಮೂರನೆಯವರಿಗೆ ಹೇಳುವ ಮಾತು: ‘ಇವಳಿಗೆ ಇದು ಬರುತ್ತದೆ.’ ಆ ಮಾತು ಸುಳ್ಳಾದಾಗ ಅದನ್ನು ಆಡಿದವಳು ಹುಡುಗಿಯಲ್ಲ, ಪರೀಕ್ಷೆ ನಡೆಸುವವರು. ಪಾಠ ಹೇಳಿ ಹಣ ಎಣಿಸಿಕೊಳ್ಳುವ ನನ್ನಂಥವರೂ ಅದಕ್ಕೆ ದನಿಗೂಡಿಸುತ್ತೇವೆ.

ಸಂಸ್ಕೃತವನ್ನೇ ತೆಗೆದುಹಾಕಿ ಎನ್ನಲಾರೆ. ಅಂಕಕ್ಕೆಂದು ಒಳಗೆ ಬಂದವರಲ್ಲಿ ಒಬ್ಬಿಬ್ಬರು ಅಲ್ಲೇ ಉಳಿಯುತ್ತಾರೆ, ನಾನು ಉಳಿದದ್ದೂ ಹಾಗೆಯೇ. ಹೊಸ್ತಿಲು ದಾಟುವಾಗ ಯಾವ ಉದ್ದೇಶವಿತ್ತು ಎಂದು ವಿಚಾರಣೆ ಮಾಡಿದರೆ ಯಾವ ವಿದ್ಯೆಗೂ ಜನ ಸಿಗುವುದಿಲ್ಲ. ಒಳಗೆ ಬಂದ ಮೇಲೆ ಒಂದು ಸಲವಾದರೂ ಗೊತ್ತಿಲ್ಲದ ಸಾಲಿನ ಮುಂದೆ ಅವರನ್ನು ನಿಲ್ಲಿಸಿ ಎಂದಷ್ಟೇ ಕೇಳುತ್ತೇನೆ.

ಈ ಚಳಿಗಾಲದಲ್ಲಿ ಚನ್ನರಾಯಪಟ್ಟಣದ ತರಗತಿಯಲ್ಲಿ ಅದನ್ನು ಮಾಡಿ ನೋಡಿದೆ. ಆ ತಾಲ್ಲೂಕಿನದೇ ಆದ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ, ಕ್ರಿ.ಶ. 600ರ ಸುಮಾರಿನದೆಂದು ಹೇಳುವ ಬಂಡೆಶಾಸನವಿದೆ. ಲಿಪಿ ಹಳೆಯ ಕನ್ನಡ, ಭಾಷೆ ಸಂಸ್ಕೃತ. ಉಜ್ಜಯಿನಿಗೆ ಬರಗಾಲ ಬರುವುದನ್ನು ಭದ್ರಬಾಹು ಮುಂಚೆಯೇ ಕಂಡದ್ದು, ಮುನಿಸಂಘ ದಕ್ಷಿಣಕ್ಕೆ ಹೊರಟದ್ದು ಅದರಲ್ಲಿದೆ. ಅದರ ಗದ್ಯಭಾಗವನ್ನು ಇಂದಿನ ಲಿಪಿಯಲ್ಲಿ ಹಂಚಿದೆ. ಸಂಸ್ಕೃತದಲ್ಲಿ ತೊಂಬತ್ತು ದಾಟುವ ಹುಡುಗರು ಇದು ಯಾವ ಪಾಠದ್ದು ಸಾರ್ ಎಂದು ಕೇಳಿ ಕೂತರು. ಹಳಗನ್ನಡಕ್ಕೆಂದು ಬರುವ, ಸಂಸ್ಕೃತ ಓದಿಯೇ ಇರದ ಹುಡುಗಿಯೊಬ್ಬಳು ಹಾಳೆಯ ಮೇಲೆ ಬೆರಳಿಟ್ಟು ತಡವರಿಸುತ್ತ ಹೋದಳು. ‘ದ್ವಾದಶ’ದ ಹತ್ತಿರ ನಿಂತಳು. ‘ಸಂವತ್ಸರ’ ಯುಗಾದಿ ಪಂಚಾಂಗದಿಂದ ಗೊತ್ತಿತ್ತು. ‘ವೈಷಮ್ಯ’ಕ್ಕೆ ಬಂದಾಗ, ‘ಹನ್ನೆರಡು ವರ್ಷ ಏನೋ ಕೆಟ್ಟದ್ದಾಗುತ್ತೆ ಅಂತ ಯಾರಿಗೋ ಗೊತ್ತಾಗಿದೆ’ ಎಂದಳು. ಹುಡುಗರು ತಿರುಗಿ ನೋಡಿದರು. ಒಬ್ಬ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡು, ಗೊತ್ತಾದದ್ದು ಯಾರಿಗೆ ಎಂದು ಪ್ರಥಮಾ ವಿಭಕ್ತಿ ಹುಡುಕತೊಡಗಿದ. ಸುಮಾರು ಅರ್ಧ ಗಂಟೆ ಹಾಗೇ ಹೋಯಿತು. ಆಮೇಲೆ ಶಬ್ದರೂಪಕ್ಕೆ ಮರಳಿದೆವು, ಪರೀಕ್ಷೆ ಹತ್ತಿರವಿತ್ತು.