ಮುಂದಿನ ಸಾಲಿನವರು ಎದ್ದು ನಿಂತಾಗ

ಕಳೆದ ತಿಂಗಳು ಒಂದು ಸ್ಕಿನ್ ಕ್ಲಿನಿಕ್‌ಗೆ ಹೋಗಿದ್ದೆ. ಕೂದಲು ಉದುರುತ್ತೆ ಅಂತ ಅಲ್ಲ, ಕಣ್ಣಂಚಿನ ಗೆರೆಗಳಿಗೆ. ಗೆಳೆಯರ ಹತ್ರ ಹೇಳೋಕೆ ನಾಚಿಕೆಯಾಯ್ತು, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಶುರುವಾಗಿದ್ದು ಒಂದು ಇಂಟರ್‌ವ್ಯೂನಲ್ಲಿ. ಪ್ರಶ್ನೆ ಕೇಳ್ತಿದ್ದ ಹುಡುಗನಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಏನೋ ಮಾತಿಗೆ ನಾನು ನಕ್ಕೆ. ಸ್ಕ್ರೀನಿನ ಮೂಲೆಯ ಪುಟ್ಟ ಚೌಕದಲ್ಲಿ ನನ್ನ ಕಣ್ಣಿನ ಎರಡೂ ಬದಿಗೆ ಬೀಸಣಿಗೆ ಬಿಚ್ಚಿದ ಹಾಗೆ ಗೆರೆಗಳು ಕಂಡವು. ಆಮೇಲಿನ ಅರ್ಧ ಗಂಟೆ ಉತ್ತರ ಹುಡುಕಿದ್ದಕ್ಕಿಂತ ನಗದೇ ಇರೋಕೆ ಕಷ್ಟಪಟ್ಟಿದ್ದೇ ಹೆಚ್ಚು. ಕೆಲಸ ಸಿಗಲಿಲ್ಲ. ಗೆರೆಗಳಿಂದಲೇ ಅನ್ನೋಕೆ ಯಾವ ಪುರಾವೆಯೂ ಇಲ್ಲ. ಆದ್ರೆ ಮೂವತ್ತೇಳು ದಾಟಿದ ಎಂಜಿನಿಯರಿಗೆ ಹೆದರೋಕೆ ಪುರಾವೆ ಬೇಕಾಗಲ್ಲ.

ಡಾಕ್ಟರ್ ನೇರವಾಗಿ ಹೇಳಿದ್ರು. ಸನ್‌ಸ್ಕ್ರೀನ್ ದಿನಾ ಹಚ್ಚಿ, ಬಿಸಿಲೇ ಮೊದಲ ಶತ್ರು. ರೆಟಿನಾಯ್ಡ್ ಕ್ರೀಮ್ ಇದೆ, ಫಲ ನಿಧಾನ. ಬೇಗ ಆಗಬೇಕಂದ್ರೆ ಬೊಟಾಕ್ಸ್. ಕಣ್ಣಿನ ಸುತ್ತ ಉಂಗುರದಂಥ ಸ್ನಾಯು ಇದೆ. ಅದಕ್ಕೆ ನರದಿಂದ ಬರುವ ಸಂದೇಶವನ್ನ ಈ ಇಂಜೆಕ್ಷನ್ ತಡೆಯುತ್ತೆ, ಸ್ನಾಯು ಸಡಿಲವಾಗುತ್ತೆ, ಗೆರೆ ಮಾಯ. ಮೂರು ನಾಲ್ಕು ತಿಂಗಳಾದ್ಮೇಲೆ ಮತ್ತೆ ಚುಚ್ಚಿಸಬೇಕು. ಅಂದ್ರೆ ಇದೂ ಒಂದು ಸಬ್‌ಸ್ಕ್ರಿಪ್ಶನ್.

ಮನೆಗೆ ಬಂದು ಓದೋಕೆ ಕೂತೆ. 1980ರ ದಶಕದಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಜೀನ್ ಕರುದರ್ಸ್ ಅನ್ನೋ ಕಣ್ಣಿನ ವೈದ್ಯೆ ರೆಪ್ಪೆ ಸೆಳೆತದ ರೋಗಿಗಳಿಗೆ ಇದನ್ನ ಕೊಡ್ತಿದ್ರು. ಹುಬ್ಬಿನ ನಡುವಿನ ಗೆರೆಗಳೂ ಮಾಯವಾಗ್ತಿರೋದು ಗಮನಕ್ಕೆ ಬಂತು. ಅವರ ಗಂಡ ಚರ್ಮವೈದ್ಯ. ಇಬ್ಬರೂ ಸೇರಿ ಅದನ್ನ ಮುಂದುವರಿಸಿದ್ರು. ಕಣ್ಣಂಚಿನ ಗೆರೆಗಳಿಗೆ ಅಂತಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಇನ್ನೊಂದು ವಿಷಯ ಕಾಡಿತು. 1862ರಲ್ಲೇ ಫ್ರಾನ್ಸಿನ ನರವೈದ್ಯ ಡ್ಯುಷೆನ್, ತುಟಿಯ ನಗು ನಮ್ಮ ಮಾತು ಕೇಳುತ್ತೆ, ಕಣ್ಣಿನ ಸುತ್ತಲ ಈ ಸ್ನಾಯು ಮಾತ್ರ ನಿಜವಾದ ಖುಷಿಗೇ ಕದಲುತ್ತೆ ಅಂತ ವಾದಿಸಿದ್ದ.

ಇಷ್ಟು ಸಾಕಿತ್ತು ನನಗೆ. ನಗುವಿನ ಸಾಕ್ಷಿಯನ್ನೇ ಅಳಿಸೋದು ಸುಳ್ಳಲ್ವಾ, ಸುಕ್ಕೇ ಸೌಂದರ್ಯ, ಬಿಸಿಲಲ್ಲಿ ದುಡಿದ ನಮ್ಮವ್ವನ ಮುಖ ನೋಡಿ ಅಂತೆಲ್ಲ ಒಂದು ಲೇಖನ ತಲೆಯಲ್ಲೇ ರೆಡಿಯಾಯ್ತು.

ಶನಿವಾರ ಮಂಡ್ಯದ ಹತ್ರದ ನಮ್ಮೂರಿಗೆ ಹೋದಾಗ ಅವ್ವನೇ ಅದನ್ನ ಕೆಡಿಸಿದ್ಳು. ಕಬ್ಬಿನ ಗದ್ದೆಯ ಬಿಸಿಲು, ಆಲೆಮನೆಯ ಹೊಗೆ ಎರಡಕ್ಕೂ ಕಣ್ಣು ಕಿರಿದು ಮಾಡಿ ಬದುಕಿದೋಳು ಅವಳು. ವಿಷಯ ಕೇಳಿ, "ನೋವಾಗ್ದಿದ್ರೆ ಮಾಡಿಸ್ಕೊಳ್ಲಾ. ನಿಮ್ಮಪ್ಪ ಮದ್ವೆ ಮನೆಗೆ ಹೋಗೋವಾಗ್ಲೆಲ್ಲಾ ಮೀಸೆಗೆ ಬಣ್ಣ ಬಳ್ಕೊತಿರ್ಲಿಲ್ವಾ? ಈ ಸುಕ್ಕ ನಾನೇನು ಬೇಕು ಅಂತ ಕೇಳಿದ್ನಾ?" ಅಂದ್ಳು.

ಅಲ್ಲಿಗೆ ಸುಳ್ಳು-ನಿಜದ ವಾದ ಮುಗೀತು. ಕೂದಲಿಗೆ ಬಣ್ಣ ಸರಿ, ಹಲ್ಲಿಗೆ ಕ್ಲಿಪ್ ಸರಿ, ಇದೊಂದು ಮಾತ್ರ ಪಾಪ ಅನ್ನೋದು ಹೇಗೆ? ಆದ್ರೂ ಏನೋ ಚುಚ್ಚುತ್ತಲೇ ಇತ್ತು. ಅದೇನು ಅಂತ ಹೊಳೆದಿದ್ದು ಊರಿನ ಕುರುಕ್ಷೇತ್ರ ನಾಟಕ ನೆನಪಾದಾಗ.

ನಾಟಕಕ್ಕೆ ಎಲ್ಲರೂ ಚಾಪೆ ಹಾಸ್ಕೊಂಡು ಕೂತಿರ್ತೀವಿ. ದುರ್ಯೋಧನ ಬರುವ ಹೊತ್ತಿಗೆ ಮುಂದಿನ ಸಾಲಿನ ಒಬ್ಬ ಎದ್ದು ನಿಲ್ತಾನೆ. ಅವನ ಹಿಂದಿನವನಿಗೆ ಕಾಣಲ್ಲ, ಅವನೂ ಏಳ್ತಾನೆ. ಹತ್ತು ನಿಮಿಷದಲ್ಲಿ ಇಡೀ ಊರು ನಿಂತಿರುತ್ತೆ. ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣಲ್ಲ, ಕಾಲು ಮಾತ್ರ ಎಲ್ಲರಿಗೂ ನೋಯುತ್ತೆ. ನಿಲ್ಲೋಕಾಗದ ಅಜ್ಜಿಗೆ ನಾಟಕವೇ ಇಲ್ಲ.

ನಮ್ಮ ಮುಖಗಳೂ ಹಾಗೇ. ನಾನು ಗೆರೆ ಅಳಿಸಿದಷ್ಟೂ ಪಕ್ಕದವನ ಗೆರೆ ಹೆಚ್ಚು ಕಾಣುತ್ತೆ. ಇಎಂಐ ಕಟ್ಟಿ ಉಳಿದದ್ದರಲ್ಲಿ ಇದನ್ನೂ ಹೊಂದಿಸಲಾಗದವನು ಟೀಮಿನ ಮುದುಕನಾಗ್ತಾನೆ. ಇದನ್ನ ಒಬ್ಬ ಸಹೋದ್ಯೋಗಿಗೆ ಹೇಳಿದ್ರೆ ನಕ್ಕುಬಿಟ್ರು: "ನಿಮಗೆ ಈಗ ಗೊತ್ತಾಯ್ತಾ? ನಮಗೆ ಹೆಂಗಸರಿಗೆ ಇಪ್ಪತ್ತೈದಕ್ಕೇ ಶುರು."

ಹಾಗಂತ ಹಿಂದಿನ ಸಾಲಿನವರಿಗೆ ನೀವು ಕೂತೇ ಇರಿ ಅಂತ ಉಪದೇಶ ಮಾಡೋದೂ ಅನ್ಯಾಯವೇ. ಭಯದಿಂದ ಎದ್ದವರನ್ನ ಬೈದು ಏನು ಪ್ರಯೋಜನ? ಕೂರಬೇಕಾದವರು ಮುಂದಿನ ಸಾಲಿನವರು.

ಇಲ್ಲಿ ನಾನು ಒಂದು ವಿಷಯ ಒಪ್ಕೋಬೇಕು. ನಾನೂ ಇಂಟರ್‌ವ್ಯೂ ತಗೊಳ್ತೀನಿ, ಆಗ ಮುಂದಿನ ಸಾಲು ನನ್ನದೇ. ಎರಡು ವರ್ಷದ ಹಿಂದೆ ನಲವತ್ತು ದಾಟಿದ ಒಬ್ಬರು ಬಂದಿದ್ರು. ಉತ್ತರಗಳೆಲ್ಲ ಸರಿಯಿದ್ದವು. ಫೀಡ್‌ಬ್ಯಾಕ್‌ನಲ್ಲಿ ನಾನು ಬರೆದಿದ್ದು "ಎನರ್ಜಿ ಕಡಿಮೆ" ಅಂತ. ಎನರ್ಜಿಯನ್ನ ನಾನು ಯಾವುದರಿಂದ ಅಳೆದೆ? ಅವರ ಮುಖದಿಂದಲೇ ಅನ್ನೋದು ಈಗ ಗೊತ್ತಾಗ್ತಿದೆ. ಅವರೂ ಅವತ್ತು ರಾತ್ರಿ ಕನ್ನಡಿ ಮುಂದೆ ನಿಂತಿದ್ರೇನೋ.

ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್ ಇನ್ನೂ ಕ್ಯಾನ್ಸಲ್ ಮಾಡಿಲ್ಲ, ಮುಂದಕ್ಕೆ ಹಾಕಿದ್ದೀನಿ. ಚುಚ್ಚಿಸಿಕೊಂಡರೂ ಅದು ಅಪರಾಧ ಅಂತ ಈಗ ಅನ್ನಿಸಲ್ಲ. ಆದ್ರೆ ಅದಕ್ಕಿಂತ ಮೊದಲು ಒಂದು ಕೆಲಸ ಶುರು ಮಾಡಿದ್ದೀನಿ: ಫೀಡ್‌ಬ್ಯಾಕ್‌ನಲ್ಲಿ "ಎನರ್ಜಿ" ಅಂತ ಬರೆಯೋಕೆ ಕೈ ಹೋದಾಗಲೆಲ್ಲ ನಿಲ್ಲಿಸಿ, ಅವರು ಕೊಟ್ಟ ಉತ್ತರಗಳನ್ನ ಇನ್ನೊಂದು ಸಲ ಓದ್ತೀನಿ.