ಇಂದಿನ ಧಮ್ಮ ಚಿಂತನೆ: ವಾಸೆಟ್ಠ ಸುತ್ತ ಮತ್ತು ಐದನೇ ತರಗತಿಯ ಕರಿಹಲಗೆ



ಈ ವಾರ ನಾವು ಓದುತ್ತಿರುವುದು ಸುತ್ತನಿಪಾತದ ವಾಸೆಟ್ಠ ಸುತ್ತ. ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ತರುಣರಿಗೆ ವಾದ ಹತ್ತುತ್ತದೆ. ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ, ನಡತೆಯಿಂದಲೋ? ಬಗೆಹರಿಯದೆ ಭಗವಾನರ ಬಳಿ ಬರುತ್ತಾರೆ. ಭಗವಾನರು ಮನುಷ್ಯನ ಮಾತನ್ನು ಮೊದಲಿಗೇ ಎತ್ತುವುದಿಲ್ಲ. ಹುಲ್ಲು, ಗಿಡಮರ, ಹುಳ, ಇರುವೆ, ನಾಲ್ಕು ಕಾಲಿನ ಪ್ರಾಣಿ, ಹಾವು, ಮೀನು, ಹಕ್ಕಿ, ಹೀಗೆ ಒಂದೊಂದನ್ನೂ ಹೆಸರಿಸಿ, ಇವುಗಳಲ್ಲಿ ಜಾತಿ ಬೇರೆ ಬೇರೆ, ಅದರ ಗುರುತು ಮೈಮೇಲೇ ಇದೆ ಎನ್ನುತ್ತಾರೆ. ಆಮೇಲೆ ಮನುಷ್ಯನ ಕೂದಲು, ಕಿವಿ, ಕಣ್ಣು, ಕುತ್ತಿಗೆ, ಕೈಕಾಲು ಎಲ್ಲ ಎಣಿಸಿ, ಇಲ್ಲಿ ಅಂಥ ಗುರುತು ಒಂದೂ ಇಲ್ಲ ಎಂದು ತೋರಿಸುತ್ತಾರೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಪರಿಸರ ಅಧ್ಯಯನದಲ್ಲಿ ಆಹಾರ ಸರಪಳಿ ಬಂದಾಗಲೆಲ್ಲ ಈ ಸುತ್ತ ನೆನಪಾಗುತ್ತದೆ.

ಆಲಮೇಲದ ಮಕ್ಕಳಿಗೆ ಸಿಂಹ, ಜಿಂಕೆಯ ಚಿತ್ರ ಯಾಕೆ? ಸುತ್ತಲೂ ಎರಿ ಹೊಲ ಇದೆ, ಅದರಾಗ ಜೋಳ ಇದೆ. ಜೋಳದ ಎಲೆ, ಅದನ್ನು ತಿನ್ನುವ ಮಿಡತೆ, ಮಿಡತೆಗೆ ಕಪ್ಪೆ, ಕಪ್ಪೆಗೆ ಹಾವು, ಹಾವಿಗೆ ಹದ್ದು. ಮಕ್ಕಳು ಬಾಣವನ್ನು ತಿನ್ನುವವನಿಂದ ತಿನಿಸಿನ ಕಡೆಗೆ ಎಳೆಯುತ್ತಾರೆ, ಈಟಿ ಎಸೆದ ಹಾಗೆ. ಬಾಣ ತೋರಿಸಬೇಕಾದದ್ದು ಆಹಾರ ಯಾವ ಕಡೆ ಹೋಗುತ್ತದೆ ಎಂಬುದನ್ನು. ಎಲೆಯಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ.

ಇಷ್ಟು ತಿದ್ದುವುದು ಸುಲಭ. ಕಷ್ಟ ಇರುವುದು ಪಿರಮಿಡ್ ಚಿತ್ರದಲ್ಲಿ. ಕೆಳಗೆ ಹುಲ್ಲು, ತುದಿಗೆ ಹದ್ದು ಬರೆದ ಕೂಡಲೇ ಒಬ್ಬರಾದರೂ ಹೇಳುತ್ತಾರೆ: "ಅಕ್ಕೋರ, ಹದ್ದು ಎಲ್ಲಾರ್ಕಿಂತ ಮ್ಯಾಲ ಐತ್ರಿ, ಅದ ದೊಡ್ಡದು." ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಕರೆದ ಮೆಟ್ಟಿಲುಗಳನ್ನು ಓಣಿಯಲ್ಲಿ ನೋಡುತ್ತಲೇ ಬೆಳೆದ ಮಕ್ಕಳು ಮೆಟ್ಟಿಲಿನ ಚಿತ್ರವನ್ನು ಇನ್ನು ಹೇಗೆ ಓದಿಯಾರು? ಅದಕ್ಕೆ ನಾನು ಲೆಕ್ಕ ಮಾಡಿಸುತ್ತೇನೆ. ಒಂದು ಹಂತದ ಶಕ್ತಿಯಲ್ಲಿ ಮುಂದಿನ ಹಂತಕ್ಕೆ ಸಿಗುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಉಳಿದದ್ದು ಉಸಿರಾಟ, ಓಡಾಟ, ಶಾಖ ಅಂತ ಕಳೆದುಹೋಗುತ್ತದೆ. ಅದಕ್ಕೇ ಜೋಳ ಎಕರೆಗಟ್ಟಲೆ, ಹದ್ದು ಒಂದೋ ಎರಡೋ. ಹದ್ದು ಹೋದರೂ ಜೋಳ ಬೆಳೆದೀತು, ಹಸಿರು ಹೋದರೆ ಹದ್ದಿಗೆ ಉಳಿವಿಲ್ಲ. ತುದಿಯಲ್ಲಿ ಕುಂತವನಿಗೇ ಪರಾವಲಂಬನೆ ಹೆಚ್ಚು.

ಒಮ್ಮೆ ಸತ್ತದ್ದನ್ನು ತಿನ್ನುವ ಪ್ರಾಣಿಗಳ ಪಾಠ. ರಣಹದ್ದಿನ ಚಿತ್ರ ತೋರಿಸಿದ್ದೆ. ಹಿಂದಿನ ಸಾಲಿನ ಹುಡುಗ ಎದ್ದು, "ಅಕ್ಕೋರ, ಸತ್ತ ದನ ತಿನ್ನಾವ್ರು ಹದ್ದಿನ ಜಾತ್ಯಾವ್ರೇನ್ರಿ?" ಅಂದ. ಅಂದು ನಮ್ಮ ಓಣಿಯ ಒಬ್ಬ ಹುಡುಗಿಯ ಕಡೆ ನೋಡಿದ. ನಾಲ್ಕೈದು ಮಂದಿ ನಕ್ಕರು. ಹುಡುಗಿ ತಲೆ ತಗ್ಗಿಸಿದಳು.

ಬೈದಿದ್ದರೆ ಆ ಮಾತು ಬಾಯಿ ಬಿಟ್ಟು ಮನಸ್ಸಿನೊಳಗೆ ಕೂಡುತ್ತಿತ್ತು. ನಾನು ಚಿತ್ರವನ್ನು ಮತ್ತೆ ಎತ್ತಿ ಹಿಡಿದೆ. ಬಾಗಿದ ಕೊಕ್ಕು, ಪುಕ್ಕವಿಲ್ಲದ ಕುತ್ತಿಗೆ, ಕೊಳೆತ ಮಾಂಸದ ರೋಗಾಣು ಸಾಯುವಷ್ಟು ಕಟುವಾದ ಆಮ್ಲದ ಹೊಟ್ಟೆ. "ಈಗ ಪಕ್ಕದಾಗ ಕುಂತವ್ರ ಮುಖ, ಕೈ ನೋಡ್ರಿ. ಯಾರಿಗರೆ ಇಂಥದ್ದು ಏನರೆ ಐತೇನು?" ಅಂದೆ. ಮಕ್ಕಳು ನಿಜವಾಗಿಯೂ ನೋಡಿದರು. ಅಂಗೈ ತಿರುವಿ, ಕಿವಿ ಜಗ್ಗಿ, ಮೂಗು ಹಿಡಿದು. ಆ ಹುಡುಗನೇ ಮೊದಲು ಹೇಳಿದ: "ಯಾರಿಗೂ ಇಲ್ರಿ." ಭಗವಾನರ ಹೆಸರು ನಾನು ಎತ್ತಲಿಲ್ಲ. ಆದರೆ ಆವತ್ತು ನಡೆದದ್ದು ವಾಸೆಟ್ಠ ಸುತ್ತದ ಪಾಠವೇ.

ರಣಹದ್ದಿನ ಕೆಲಸ ಸಣ್ಣದಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟವು. 1990ರ ದಶಕದಿಂದ ಮುಂದಕ್ಕೆ ಬಿಳಿ ಬೆನ್ನಿನ ರಣಹದ್ದು ಭಾರತದಲ್ಲಿ ನೂರಕ್ಕೆ 99ರಷ್ಟು ಇಲ್ಲವಾಯಿತು. 2006ರಲ್ಲಿ ಸರ್ಕಾರ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿತು. ರಣಹದ್ದು ಇಲ್ಲದ ಕಡೆ ಸತ್ತ ದನ ಬಯಲಲ್ಲೇ ಕೊಳೆಯಿತು, ಬೀದಿನಾಯಿ ಹೆಚ್ಚಾದವು. ಇದನ್ನೂ ಮಕ್ಕಳಿಗೆ ಹೇಳುತ್ತೇನೆ.

ಇಲ್ಲೇ ಒಂದು ಗುಂಡಿ ಇದೆ ಬಂಧುಗಳೆ. ಒಬ್ಬ ಹಿತೈಷಿ ನನಗೆ ಹೇಳಿದರು: "ನಿಮ್ಮ ಹಿರಿಯರೂ ಹಿಂಗ ಊರು ಸ್ವಚ್ಛ ಇಟ್ಟವರು, ಮಕ್ಕಳಿಗೆ ಅದನ್ನ ಹೆಮ್ಮೆಯಿಂದ ಹೇಳ್ರಿ." ಮಾತಿನಲ್ಲಿ ಪ್ರೀತಿ ಇತ್ತು, ಆದರೂ ನಾನು ಒಪ್ಪಲಿಲ್ಲ. ಹುಡುಗ ನಕ್ಕು ಹೇಳಿದ್ದನ್ನೇ ಇವರು ಕೈ ಮುಗಿದು ಹೇಳಿದ್ದರು. ರಣಹದ್ದು ಆ ಕೆಲಸಕ್ಕೆ ತಕ್ಕ ಮೈ ಹೊತ್ತು ಹುಟ್ಟುತ್ತದೆ. ನಮ್ಮ ಅಜ್ಜ ಮುತ್ತಜ್ಜರು ಹಾಗೆ ಹುಟ್ಟಿರಲಿಲ್ಲ. ಹಸಿವು, ಹೆದರಿಕೆ, ಊರಿನ ಕಟ್ಟಳೆ ಅವರ ಹೆಗಲಿಗೆ ಸತ್ತ ದನ ಹೊರಿಸಿತ್ತು. ಬಾಬಾಸಾಹೇಬರು 1927ರ ಮಹಾಡ್‌ನಲ್ಲೇ ಸತ್ತ ದನದ ಮಾಂಸ ಬಿಡಿ ಎಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದ ಮರುದಿನದ ಭಾಷಣದಲ್ಲಿ, ಸತ್ತ ದನ ಎಳೆಯುವುದನ್ನು ಬಿಟ್ಟರೆ ಎಷ್ಟು ಆದಾಯ ಹೋಗುತ್ತದೆ ಎಂದು ಲೆಕ್ಕ ಹೇಳಿದವರಿಗೆ, ಲಾಭವಿದ್ದರೆ ನೀವೇ ಮಾಡಿಕೊಳ್ಳಿ ಎಂಬ ಧಾಟಿಯಲ್ಲಿ ಉತ್ತರ ಕೊಟ್ಟರು.

ಬರುವ ಭಾನುವಾರದ ಓದಿಗೆ ಬರುವವರು ಮಕ್ಕಳನ್ನೂ ಅವರ ಪರಿಸರ ಅಧ್ಯಯನದ ಪುಸ್ತಕವನ್ನೂ ಕರಕೊಂಡು ಬನ್ನಿ. ಸುತ್ತದಲ್ಲಿ ಹುಲ್ಲಿನಿಂದ ಹಕ್ಕಿಯವರೆಗಿನ ಭಾಗವನ್ನು ಮಕ್ಕಳೇ ಓದಲಿ. ಮನುಷ್ಯನ ಭಾಗ ಬಂದಾಗ ಪುಸ್ತಕ ಮುಚ್ಚಿ, ಅವರನ್ನೇ ಕೇಳೋಣ.

ಜೈ ಭೀಮ್. ನಮೋ ಬುದ್ಧಾಯ. 🙏