ಮುಟ್ಟುವ ಕೈ, ನಡೆಸುವ ಕೈ

ಆಟಿಕೆಯ ಬಗ್ಗೆ ಬರೆಯುವುದಕ್ಕೆ ಇದು ಕಾಲವೇ ಎಂದು ಗೆಳೆಯರು ಕೇಳಬಹುದು. ಕೂಲಿಯ ಪ್ರಶ್ನೆ ಇದೆ, ಭೂಮಿಯ ಪ್ರಶ್ನೆ ಇದೆ, ಕೇರಿಯ ನೀರಿನ ಪ್ರಶ್ನೆ ಇದೆ. ಇವುಗಳ ನಡುವೆ ರಿಮೋಟಿನಿಂದ ಓಡುವ, ಗುಂಡಿ ಒತ್ತಿದರೆ ಹಿಂದಕ್ಕೆ ಬಾಗಿ ಮಣ್ಣು ಸುರಿಯುವ, ಒಂದು ಗೇಣುದ್ದದ ಟಿಪ್ಪರ್ ಟ್ರ್ಯಾಲಿಯ ಮಾತು ಯಾಕೆ? ನಮ್ಮ ಉತ್ತರ ಇಷ್ಟೆ. ಒಂದು ಸಮಾಜದಲ್ಲಿ ವಸ್ತುವನ್ನು ಮುಟ್ಟಿ ದುಡಿಯುವವರು ಯಾರು, ಮುಟ್ಟದೆಯೇ ಅದನ್ನು ನಡೆಸುವವರು ಯಾರು ಎಂಬುದು ಆ ಸಮಾಜದ ನೀತಿಯ ಮೊದಲ ಪ್ರಶ್ನೆ. ಆ ಪ್ರಶ್ನೆ ಈ ಆಟಿಕೆಯಲ್ಲಿ ಕಣ್ಣಿಗೆ ಕಾಣುವ ಹಾಗೆ ಕೂತಿದೆ.

ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮದ ಸುತ್ತಿನ ಹಳ್ಳಿಗಳ ಹುಡುಗರು ಕಣ್ಣು ಬಿಟ್ಟಾಗಿನಿಂದ ನೋಡುವುದು ಹೊರೆ ಸಾಗುವುದನ್ನು. ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರ್ಯಾಲಿ ಕಟ್ಟಿಕೊಂಡು ಕಾರ್ಖಾನೆಯ ಕಡೆ ಹೋಗುವ ಸಾಲು, ಇಳಕಲ್ಲಿನ ಕೆಂಪು ಗ್ರಾನೈಟ್, ಹೊಳೆಯ ಮರಳು, ರಸ್ತೆಗೆ ಸುರಿಯುವ ಜಲ್ಲಿ. ಹುಡುಗರ ಆಟ ದೊಡ್ಡವರ ದುಡಿಮೆಯ ನೆರಳು. ಅಜ್ಜಂದಿರು ಜೋಳದ ದಂಟು ಸೀಳಿ ಚಕ್ಕಡಿ ಮಾಡಿದರು, ಮಣ್ಣೆತ್ತಿನ ಅಮಾಸಿಗೆ ಎರೆಮಣ್ಣಿನ ಎತ್ತು ಮಾಡಿದರು. ಅಪ್ಪಂದಿರು ತಂತಿ ಬಗ್ಗಿಸಿ ಲಾರಿ ಮಾಡಿದರು, ಹರಿದ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಅದಕ್ಕೆ ಗಾಲಿ ಹಾಕಿದರು. ಈಗಿನವರು ಮೊಬೈಲಿನಲ್ಲಿ ನೋಡಿ ಕಲಿತು ಮೋಟಾರು, ರಿಮೋಟು ಕೂಡಿಸುತ್ತಾರೆ. ಚಪ್ಪಲಿಯ ಗಾಲಿ ಮಾತ್ರ ಇನ್ನೂ ಹಲವು ಕಡೆ ಉಳಿದಿದೆ. ಗುಡಿಯ ಹೊರಗೆ ಬಿಟ್ಟು ಹೋಗುವ ವಸ್ತುವಿನ ಮೇಲೆ ಈ ಮಕ್ಕಳ ಬಂಡಿ ನಡೆಯುತ್ತದೆ. ಹರಳಯ್ಯನ ಹೆಸರು ಹೇಳುವ ನೆಲದಲ್ಲಿ ಇದನ್ನು ಗಮನಿಸದೆ ಹೋಗುವುದು ಸರಿಯಲ್ಲ.

'ಇದೆಲ್ಲಾ ಹುಡುಗಾಟ ಬಿಡ್ರಿ' ಅನ್ನುವವರು ಒಮ್ಮೆ ಅದನ್ನು ಕಟ್ಟುವ ಕೆಲಸ ನೋಡಬೇಕು. ಮೊದಲು ಅಳತೆ. ಹವ್ಯಾಸಿಗಳು ಲಾರಿ, ಟ್ರೇಲರುಗಳಿಗೆ ಹೆಚ್ಚಾಗಿ ಹಿಡಿಯುವ ಪ್ರಮಾಣ ಹದಿನಾಲ್ಕರಲ್ಲಿ ಒಂದು ಪಾಲು. ಹತ್ತು ಅಡಿ ಉದ್ದದ ಟ್ರ್ಯಾಲಿ ಹಾಗೆ ಇಳಿದರೆ ಸುಮಾರು ಎಂಟೂವರೆ ಇಂಚು. ಹಾಗಾದರೆ ಐದು ಟನ್ ಹೊರುವ ಟ್ರ್ಯಾಲಿಯ ಮಾದರಿ ಎಷ್ಟು ಹೊರಬೇಕು? ಹದಿನಾಲ್ಕರಿಂದ ಭಾಗಿಸಿದರೆ ತಪ್ಪಾಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಹದಿನಾಲ್ಕನೇ ಪಾಲಿಗೆ ಇಳಿದಿರುವುದರಿಂದ ಹೊರೆ 2,744ನೇ ಪಾಲಿಗೆ ಇಳಿಯುತ್ತದೆ. ಅಂದರೆ ಎರಡು ಕಿಲೋಕ್ಕಿಂತ ಚೂರು ಕಡಿಮೆ. ಘನದ ಲೆಕ್ಕವನ್ನು ಕರಿಹಲಗೆಯ ಮೇಲೆ ಬಾಯಿಪಾಠ ಮಾಡಿದ ಮಗು ಮರೆಯಬಹುದು, ಮಣ್ಣು ತೂಗಿ ಕಂಡ ಮಗು ಮರೆಯುವುದಿಲ್ಲ.

ಆಮೇಲೆ ಎತ್ತುವ ಕೆಲಸ. ವಿಜ್ಞಾನ ಪ್ರದರ್ಶನಗಳಲ್ಲಿ ನಮ್ಮ ಮಾಸ್ತರರೆಲ್ಲ ಕಂಡಿರುವ ಉಪಾಯ ಎರಡು ಸಿರಿಂಜಿನದು. ಸಣ್ಣದನ್ನು ಒತ್ತಿದರೆ ನಳಿಗೆಯ ನೀರು ದೊಡ್ಡದನ್ನು ಎತ್ತುತ್ತದೆ. ದೊಡ್ಡದರ ಅಡ್ಡಗಲ ಎರಡು ಪಟ್ಟಿದ್ದರೆ ಬಲ ನಾಲ್ಕು ಪಟ್ಟು, ಆದರೆ ಅದು ಏರುವ ದೂರ ನಾಲ್ಕನೇ ಒಂದು ಪಾಲು. ಹದಿನೇಳನೇ ಶತಮಾನದಲ್ಲಿ ಪಾಸ್ಕಲ್ ಕಂಡ ತತ್ವ ಇದೇ, ಇವತ್ತು ದೊಡ್ಡ ಟಿಪ್ಪರಿನ ಹೊಟ್ಟೆಯಲ್ಲಿ ಎಣ್ಣೆಯ ಮೂಲಕ ದುಡಿಯುವುದೂ ಇದೇ. ನಳಿಗೆಯೊಳಗೆ ಗಾಳಿಯ ಗುಳ್ಳೆ ಉಳಿದರೆ ಒತ್ತಿದ್ದೆಲ್ಲ ಗುಳ್ಳೆಯನ್ನು ಹಿಂಡುವುದಕ್ಕೇ ಹೋಗುತ್ತದೆ, ಹೊರೆ ಏಳುವುದಿಲ್ಲ. ಸಿರಿಂಜು ಬೇಡವೆಂದರೆ ಹಲ್ಲಿನ ಸಲಾಕೆ. ಆರು ಮಿಲಿಮೀಟರ್ ದಪ್ಪದ ಸಾಮಾನ್ಯ ತಿರುಪಿನ ಸಲಾಕೆ ಒಂದು ಸುತ್ತಿಗೆ ನಟ್ಟನ್ನು ಒಂದು ಮಿಲಿಮೀಟರ್ ಸರಿಸುತ್ತದೆ, ಆರು ಸೆಂಟಿಮೀಟರ್ ಸರಿಯಲು ಅರವತ್ತು ಸುತ್ತು. ಕೆಲಸ ನಿಧಾನ, ಆದರೆ ಕರೆಂಟು ಹೋದರೂ ಹೊರೆ ಜಾರಿ ಕೆಳಗೆ ಬೀಳುವುದಿಲ್ಲ.

ಒಣ ಮರಳಿನ ರಾಶಿ ತಾನಾಗಿ ನಿಲ್ಲುವ ಇಳಿಜಾರು ಮೂವತ್ತರಿಂದ ಮೂವತ್ತೈದು ಡಿಗ್ರಿ. ಡಬ್ಬಿಯನ್ನು ಅದಕ್ಕಿಂತ ಮೇಲೆ ಎತ್ತಿದಾಗಲೇ ಮರಳು ಪೂರ್ತಿ ಜಾರುತ್ತದೆ. ಎತ್ತುವ ಹೊತ್ತಿಗೆ ಹೊರೆ ಅಚ್ಚಿನ ಹಿಂದಕ್ಕೆ ಸರಿದರೆ ಮುಂದಿನ ಕೊಂಡಿ ಮೇಲೆದ್ದು ಟ್ರ್ಯಾಕ್ಟರಿನ ಹಿಂದಿನ ಗಾಲಿ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಕೆಸರಿನಲ್ಲಿ ಟ್ರ್ಯಾಲಿ ಎತ್ತಿದ ಡ್ರೈವರಿಗೆ ಇದು ಗೊತ್ತು. ಕೊನೆಗೆ ರೇಡಿಯೋ. ಸರ್ವೋ ಎಂಬ ಪುಟ್ಟ ಮೋಟಾರಿಗೆ ಸೆಕೆಂಡಿಗೆ ಐವತ್ತು ಸಲ ಒಂದು ಮಿಡಿತ ಹೋಗುತ್ತದೆ. ಆ ಮಿಡಿತ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟಿದ್ದರೆ ಒಂದು ತುದಿ, ಎರಡು ಪಾಲಿನಷ್ಟಿದ್ದರೆ ಇನ್ನೊಂದು ತುದಿ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಹೊರೆ ಏಳುತ್ತದೆ, ಇಳಿಯುತ್ತದೆ.

ಇಷ್ಟೆಲ್ಲ ವಿದ್ಯೆ ಎಂಟನೇ ಇಯತ್ತೆಯ ಕೂಲಿಕಾರರ ಮಗನ ಕೈಯಲ್ಲಿ ಇದ್ದರೆ ಅದನ್ನು 'ಆಟ' ಅನ್ನುತ್ತೇವೆ. ಇದೇ ಮಾತು ಇಂಗ್ಲಿಷ್ ಪುಸ್ತಕದಲ್ಲಿ ಬಂದರೆ 'ವಿಜ್ಞಾನ' ಅನ್ನುತ್ತೇವೆ. ಈ ಎರಡು ಹೆಸರುಗಳ ನಡುವಿನ ಅಂತರ ಎಲ್ಲಿಂದ ಬಂತು?

1936ರ ತಮ್ಮ 'ಜಾತಿ ವಿನಾಶ' ಬರಹದಲ್ಲಿ ಅಂಬೇಡ್ಕರರು ಜಾತಿಯು ಬರೀ ಶ್ರಮದ ವಿಭಜನೆಯಾಗಿರದೆ ಶ್ರಮಿಕರನ್ನೇ ಒಡೆದು ಮೇಲು ಕೀಳಾಗಿ ಜೋಡಿಸಿದ ಏಣಿ ಎಂದು ವಾದಿಸಿದರು. ಆ ಏಣಿಯಲ್ಲಿ ಕೆಳಗೆ ಇಳಿದಷ್ಟೂ ವಸ್ತುವಿನ ಸ್ಪರ್ಶ ಹೆಚ್ಚು: ತೊಗಲು, ಕಲ್ಲು, ಮಣ್ಣು, ಹೆಣ, ಹೇಲು. ಮೇಲೆ ಏರಿದಷ್ಟೂ ಸ್ಪರ್ಶ ಕಡಿಮೆ, ಮಾತು ಹೆಚ್ಚು. ರೇಡಿಯೋ ಅಲೆಯಿಂದ ದೂರದ ವಸ್ತುವನ್ನು ನಡೆಸಬಹುದು ಎಂದು ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿ ಓಡಿಸಿ ತೋರಿಸಿದ. ನಮ್ಮ ಊರುಗಳಿಗೆ ಅದು ಹೊಸ ಸುದ್ದಿಯೇನೂ ಆಗಿರಲಿಲ್ಲ. ಕಟ್ಟೆಯ ಮೇಲೆ ಕೂತು ಕೂಗು ಹಾಕಿದರೆ ಕೇರಿಯಿಂದ ಮನುಷ್ಯ ಓಡಿ ಬರುತ್ತಿದ್ದ, ಸತ್ತ ದನ ಎಳೆಯುತ್ತಿದ್ದ, ಡಂಗುರ ಸಾರುತ್ತಿದ್ದ. ಕೂಗಿದವನ ಕೈ ಮೈಲಿಗೆಯಾಗುತ್ತಿರಲಿಲ್ಲ. ಮುಟ್ಟದೆ ನಡೆಸುವ ಯಂತ್ರವನ್ನು ನಾವು ಮನುಷ್ಯರಿಂದಲೇ ಕಟ್ಟಿಕೊಂಡಿದ್ದೆವು.

ಇಲ್ಲಿ ಒಬ್ಬ ಬುದ್ಧಿವಂತ ಓದುಗ ಕೇಳಬಹುದು: 'ಹಾಗಾದ್ರ ರಿಮೋಟು ಅನ್ನೋದೇ ಕೆಟ್ಟದ್ದೇನು? ಬುಟ್ಟಿ ಹೊರೂದೇ ದೊಡ್ಡದೇನು?' ಇಲ್ಲ. ಬುಟ್ಟಿಯನ್ನು ಹೊಗಳುವ ಕೆಲಸ ನಮ್ಮದಲ್ಲ. ಈ ಸೀಮೆಯಲ್ಲಿ ಕಲ್ಲು ಒಡೆದವರು, ಕೆರೆ ತೋಡಿದವರು, ಕತ್ತೆಯ ಮೇಲೆ ಮಣ್ಣು ಹೇರಿದವರು ವಡ್ಡರು. ಲಾಲ್ ಬಹಾದ್ದೂರ್ ಶಾಸ್ತ್ರಿ 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿಯ ಕಟ್ಟೆಯನ್ನು ನೋಡಲು ಬರುವವರಿಗೆ ಅಡಿಗಲ್ಲಿನ ಹೆಸರು ಸಿಗುತ್ತದೆ, ಕಲ್ಲು ಹೊತ್ತವರ ಹೆಸರು ಸಿಗುವುದಿಲ್ಲ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಏರಿದ ಮೇಲೆ ಸಂಗಮದ ಐಕ್ಯಸ್ಥಳವನ್ನು ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡರು. ಮೆಟ್ಟಿಲಿಳಿದು ಹೋಗುವ ಭಕ್ತ ಕೆಳಗಿರುವ ಲಿಂಗವನ್ನು ನೋಡುತ್ತಾನೆ, ಸುತ್ತಲಿನ ನೀರಿನ ಒತ್ತಡ ತಡೆದು ನಿಂತ ಗೋಡೆಯನ್ನು ಕಟ್ಟಿದವರನ್ನು ನೆನೆಯುವುದಿಲ್ಲ. ಬೆನ್ನು ಮುರಿಯುವ ದುಡಿಮೆ ಬೆನ್ನು ಮುರಿಯುತ್ತದೆ ಎಂಬ ಕಾರಣಕ್ಕೇ ಪವಿತ್ರವಾಗುವುದಿಲ್ಲ. ಹೊರೆ ಇಳಿಸುವ ಯಂತ್ರ ಬರಲಿ, ಬೇಗ ಬರಲಿ.

'ಕಾಯಕ' ಎಂಬ ಮಾತನ್ನು ಈ ನೆಲದಲ್ಲಿ ಎಲ್ಲರೂ ಆಡುತ್ತಾರೆ. ಹೆಚ್ಚಾಗಿ ಅದನ್ನು ಹೇಳುವುದು ಹೊರುವವನಿಗೆ, ಹೇರುವವನಿಗಲ್ಲ. ಹನ್ನೆರಡನೇ ಶತಮಾನದ ಶರಣರಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ತೊಗಲು ಹದ ಮಾಡುವ ಡೋಹರ ಕಕ್ಕಯ್ಯ ಇದ್ದರು. ಅವರು ಕೈಯಿಂದ ದುಡಿದರು, ಅದೇ ಬಾಯಿಂದ ತತ್ವವನ್ನೂ ಆಡಿದರು. ಕೈ ಒಬ್ಬನದು, ಮಾತು ಇನ್ನೊಬ್ಬನದು ಎಂಬ ಕಟ್ಟನ್ನು ಅವರು ಮುರಿದದ್ದು ಹೀಗೆ. ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ತಿರುಗಿ ಕಳಿಸಿದಳು ಎನ್ನುವ ಕಥೆಯಲ್ಲಿ ದುಡಿದವಳೇ ಲೆಕ್ಕವನ್ನೂ ಹಿಡಿದಿದ್ದಾಳೆ. ಲೆಕ್ಕ ಕಿತ್ತುಕೊಂಡು ದುಡಿಮೆಯನ್ನು ಮಾತ್ರ ಬಿಟ್ಟರೆ ಅದು ಬಿಟ್ಟಿ ಚಾಕರಿ.

ಟಿಪ್ಪರಿನ ವಿಷಯಕ್ಕೆ ಇದನ್ನೇ ಹಚ್ಚಿ ನೋಡೋಣ. ಒಂದು ಟ್ರ್ಯಾಲಿ ಜಲ್ಲಿಯನ್ನು ಸಲಿಕೆ ಬುಟ್ಟಿಯಿಂದ ಇಳಿಸುವುದಕ್ಕೆ ನಾಲ್ಕಾರು ಜನ ಬೇಕು, ಹೊತ್ತು ಬೇಕು. ಟಿಪ್ಪರಿಗೆ ಒಬ್ಬ ಡ್ರೈವರು, ಒಂದು ಸನ್ನೆ, ಕೆಲವೇ ನಿಮಿಷ. ಉಳಿದ ಹೊತ್ತು ಯಾರದಾಯಿತು? ಬೆನ್ನು ಉಳಿಯಿತು ನಿಜ, ಆದರೆ ಆ ಬೆನ್ನಿನವನ ಮನೆಯ ರೊಟ್ಟಿ ಉಳಿಯಿತೇ? ಟಿಪ್ಪರಿನ ಒಡೆಯ ಗುತ್ತಿಗೆದಾರನಾದರೆ ಉಳಿದದ್ದೆಲ್ಲ ಅವನಿಗೆ. ಹಮಾಲರ, ಕಲ್ಲು ಒಡೆಯುವವರ ಸಹಕಾರಿ ಸಂಘವೇ ಅದನ್ನು ಕೊಂಡರೆ ಉಳಿದದ್ದು ಅವರಿಗೆ. ಕಬ್ಬಿಣ ಅದೇ, ಎಣ್ಣೆ ಅದೇ, ಪಾಸ್ಕಲನ ತತ್ವವೂ ಅದೇ. ಸನ್ನೆ ಯಾರ ಕೈಯಲ್ಲಿದೆ ಎಂಬುದೊಂದೇ ಬೇರೆ. ಯಂತ್ರವನ್ನು ಒಳ್ಳೆಯದು ಅಥವಾ ಕೆಟ್ಟದ್ದು ಮಾಡುವುದು ಅದು.

ಇನ್ನೊಂದು ಮಾತು. ಯಂತ್ರ ಎಲ್ಲಿಗೆ ಮೊದಲು ಬರುತ್ತದೆ ಎಂಬುದನ್ನೂ ನೋಡಬೇಕು. ಮರಳಿಗೆ ಬಂತು, ಗ್ರಾನೈಟಿಗೆ ಬಂತು, ಕಬ್ಬಿಗೆ ಬಂತು. ಅಲ್ಲಿ ಲಾಭ ಇತ್ತು. ಮಲದ ಗುಂಡಿಗೆ ಮಾತ್ರ ಎಲ್ಲಕ್ಕಿಂತ ಕೊನೆಗೆ ಬಂತು, ಅದೂ ಅರೆಬರೆ. ಕೈಯಿಂದ ಮಲ ಬಾಚುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, ಸಾಲದೆಂದು 2013ರಲ್ಲಿ ಇನ್ನೊಂದು. ಅವೆರಡರ ನಡುವೆ, 2010ರ ಜುಲೈಯಲ್ಲಿ, ಸವಣೂರಿನ ಭಂಗಿ ಸಮುದಾಯದವರು ತಮ್ಮ ನೆಲೆ ಕಿತ್ತುಕೊಳ್ಳುವುದನ್ನು ವಿರೋಧಿಸಿ ಹಾಡುಹಗಲು ಮೈಮೇಲೆ ಮಲ ಸುರಿದುಕೊಂಡರು. ಒಳಚರಂಡಿಗಿಳಿದು ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಬೇಕಾಯಿತು. ಒಂದು ಹುಡುಗ ಎರಡು ಸಿರಿಂಜು, ಒಂದು ಮೋಟಾರಿನಿಂದ ಹೊರೆಯನ್ನು ಮುಟ್ಟದೆ ಎತ್ತಬಲ್ಲ ಎಂದಮೇಲೆ ಈ ದೇಶಕ್ಕೆ ಇರುವ ಕೊರತೆ ವಿದ್ಯೆಯದಲ್ಲ. ಬಾಚುವ ಕೈ ಪುಕ್ಕಟೆ ಸಿಗುವ ತನಕ ಯಂತ್ರಕ್ಕೆ ಯಾರೂ ಕಾಸು ಬಿಚ್ಚುವುದಿಲ್ಲ, ಅಷ್ಟೇ.

ಹಾಗಾಗಿಯೇ ಈ ಮಕ್ಕಳ ಟ್ರ್ಯಾಲಿ ನಮಗೆ ದೊಡ್ಡದಾಗಿ ಕಾಣುತ್ತದೆ. ಅದರಲ್ಲಿ ಚಪ್ಪಲಿ ಕತ್ತರಿಸಿದ ಕೈ, ತಗಡು ಬಗ್ಗಿಸಿ ಬೆರಳು ಕೊಯ್ದುಕೊಂಡ ಕೈ, ಲೆಕ್ಕ ಹಾಕಿದ ಕೈ, ರಿಮೋಟು ಹಿಡಿದ ಕೈ ಒಂದೇ. ಮುಟ್ಟಿದವನೇ ನಡೆಸುತ್ತಾನೆ. ನಮ್ಮ ಹೊಲದಲ್ಲಿ, ಗಣಿಯಲ್ಲಿ, ಕಾರ್ಖಾನೆಯಲ್ಲಿ ಇನ್ನೂ ಕಾಣದ ಸಂಗತಿ ಇದು.

ಇದನ್ನು ಹಾಡಿ ಹೊಗಳಿ ಸುಮ್ಮನಾಗುವುದೂ ಮೋಸವೇ. 'ಬಡವರ ಮಕ್ಕಳು ನೋಡ್ರಿ, ಕಸದಾಗ ಎಂಥಾ ಕಲೆ ಮಾಡ್ಯಾರ' ಎಂದು ಬೆನ್ನು ತಟ್ಟಿ ಫೋಟೋ ತೆಗೆಸಿಕೊಳ್ಳುವವರು ಬಹಳ. ಕಸದಿಂದ ಮಾಡಿದ್ದು ಅದು ಬಿಟ್ಟು ಬೇರೇನೂ ಸಿಗದ ಕಾರಣಕ್ಕೆ. ಟ್ರಾನ್ಸ್‌ಮಿಟರು, ರಿಸೀವರು, ಬ್ಯಾಟರಿ ಕಸದಲ್ಲಿ ಸಿಗುವುದಿಲ್ಲ, ಕಾಸು ಕೊಡಬೇಕು. ಉಬ್ಬಿದ ಹಳೆಯ ಮೊಬೈಲ್ ಬ್ಯಾಟರಿ ಬೆಂಕಿ ಹತ್ತಬಹುದು. 2016ರಿಂದ ಸರ್ಕಾರ ಆಯ್ದ ಕೆಲವು ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬು ಕೊಡುತ್ತ ಬಂದಿದೆ. ಆಯ್ಕೆಯಾಗದ ಶಾಲೆಯ ಮಕ್ಕಳ ಕೈಗೂ ಬೆರಳಿವೆ ಎಂಬುದು ಲೆಕ್ಕಕ್ಕೆ ಬರಬೇಕು. ಲ್ಯಾಬು ಇದ್ದಲ್ಲಿ ಅದರ ಬೀಗ ಯಾರ ಬಳಿ ಇದೆ ಎಂದೂ ಕೇಳಬೇಕು.

ಹಳ್ಳಿಯ ಮಾಸ್ತರರಿಗೆ, ಮೇಡಂಗಳಿಗೆ ನಮ್ಮ ಬೇಡಿಕೆ ಸಣ್ಣದು. ಪ್ರದರ್ಶನದ ದಿನ ಮಾದರಿ ಕಟ್ಟಿದ ಮಗುವೇ ಅದನ್ನು ನಡೆಸಲಿ, ಅದೇ ವಿವರಿಸಲಿ. ಚೆನ್ನಾಗಿ ಮಾತಾಡುತ್ತಾನೆ ಎಂದು ಊರ ಗೌಡರ ಮಗನನ್ನು ಮುಂದೆ ನಿಲ್ಲಿಸಿ, ಕಟ್ಟಿದವನನ್ನು ಮೇಜು ಹೊರಲು ಕಳಿಸಬೇಡಿ. ಹುಡುಗ ಟ್ರ್ಯಾಲಿ ಕಟ್ಟುವಾಗ ತಂಗಿ ಕೊಡ ಹೊತ್ತುಕೊಂಡು ಹೋಗುತ್ತಿದ್ದರೆ ಆಕೆಯನ್ನೂ ಕರೆದು ಸ್ಕ್ರೂಡ್ರೈವರು ಕೈಗೆ ಕೊಡಿ, ಅಣ್ಣ ನೀರಿಗೆ ಹೋಗಲಿ. ಮಾದರಿ ಮಣ್ಣು ಸುರಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ಮುಗಿದ ಮೇಲೆ ತರಗತಿಯಲ್ಲಿ ಒಂದೇ ಪ್ರಶ್ನೆ ಇಡಿ: ಈ ಟ್ರ್ಯಾಲಿ ಬರುವ ಮೊದಲು ಈ ಮಣ್ಣನ್ನು ಯಾರು ಇಳಿಸುತ್ತಿದ್ದರು, ಈಗ ಅವರು ಎಲ್ಲಿದ್ದಾರೆ? ಉತ್ತರ ಮಕ್ಕಳಿಗೆ ಗೊತ್ತಿರುತ್ತದೆ. ಅವರಲ್ಲಿ ಹಲವರ ಮನೆಯಲ್ಲೇ ಆ ಜನ ಇದ್ದಾರೆ.